ತುಪ್ಪದ ಬಣ್ಣದ ರಕ್ತ

ಲ್ಯಾಬಿನ ಫ್ರಿಜ್ಜು ಕೆಟ್ಟು ಕೂತಿತ್ತು. ಅಲ್ಲಿ ಟೆಕ್ನಿಷಿಯನ್ ಆಗಿದ್ದ ಸೊಸೆ ರಕ್ತದ ಹತ್ತು ಟ್ಯೂಬುಗಳನ್ನು ಹಿಡಿದು ಮನೆಗೆ ಓಡಿ ಬಂದಳು. ಅತ್ತೆ ಫ್ರಿಜ್ಜಿಗೆ ಅಡ್ಡ ನಿಂತರು.

"ದೇವರ ಹಾಲಿರೋ ಕಡೆ ರಕ್ತ ಇಡ್ತೀಯಾ?"

"ಈ ಸೆಖೇಲಿ ಹೊರಗಿಟ್ರೆ ಹಾರ್ಮೋನು ಕೆಡುತ್ತೆ ಅತ್ತೆ. ರಿಪೋರ್ಟ್ ತಪ್ಪು ಬಂದ್ರೆ ಮಾತ್ರೇನೂ ತಪ್ಪೇ ಕೊಡ್ತಾರೆ. ಬೆಳಿಗ್ಗೆ ಥೈರಾಯ್ಡಿಗೆ ಅಂತ ಕೊಟ್ರಲ್ಲ, ನಿಮ್ದೂ ಇದ್ರಲ್ಲೇ ಇದೆ."

ಅತ್ತೆ ಸ್ವಲ್ಪ ಮೆತ್ತಗಾದರು. "ಹಾಗಾದ್ರೆ ನಂದೊಂದು ಒಳಗಿಡು. ಕಂಡೋರ ರಕ್ತ ಬೇಡ."

"ನಿಮ್ದು ಯಾವುದು ಅಂತ ಹೇಗೆ ಹೇಳ್ಲಿ? ಬರೀ ನಂಬರ್ ಇದೆ. ಹೆಸರಿನ ಪಟ್ಟಿ ಲ್ಯಾಬಲ್ಲಿದೆ."

"ನನ್ನ ರಕ್ತ ನನಗೆ ಗೊತ್ತಾಗಲ್ವಾ?" ಅತ್ತೆ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ನೋಡಿದರು. ಏಳನೇ ನಂಬರಿನಲ್ಲಿ ರಕ್ತದ ಮೇಲೆ ತೇಲಿದ ತಿಳಿನೀರು ತುಪ್ಪದಂತೆ ಹಳದಿಯಾಗಿತ್ತು. "ಇದೇ. ಮೂರು ತಲೆಮಾರು ತುಪ್ಪ ತಿಂದ ಬಣ್ಣ!"

ಏಳನೇ ನಂಬರು ದೇವರ ಹಾಲಿನ ಪಕ್ಕ ಕೂತಿತು. ಉಳಿದ ಒಂಬತ್ತನ್ನು ಸೊಸೆ ಪಕ್ಕದ ಮನೆಯ ಫಿಲೋಮಿನಾಬಾಯಿಯ ಫ್ರಿಜ್ಜಿನಲ್ಲಿ, ಬಂಗುಡೆ ಮೀನಿನ ಡಬ್ಬಿ ಸರಿಸಿ ಇಟ್ಟು ಬಂದಳು.

ಸಂಜೆ ಟ್ಯೂಬುಗಳನ್ನು ದೊಡ್ಡ ಲ್ಯಾಬಿಗೆ ಒಯ್ಯುವ ಕೊರಿಯರಿನವನು ಬರುವ ಹೊತ್ತಿಗೆ ಹತ್ತನ್ನೂ ಒಟ್ಟು ಮಾಡಿ, ಲ್ಯಾಬಿನಿಂದ ತಂದ ಪಟ್ಟಿ ಬಿಡಿಸಿ ನೋಡಿದಳು. ಏಳು: ಫಿಲೋಮಿನಾಬಾಯಿ. ಮೂರು: ಅತ್ತೆ.

"ನಂದು ಕೆಡಲಿಲ್ಲ ತಾನೇ?" ಎಂದರು ಅತ್ತೆ.

"ಇಲ್ಲ ಅತ್ತೆ, ಚೆನ್ನಾಗಿ ತಣ್ಣಗಿತ್ತು" ಎನ್ನುತ್ತ ಸೊಸೆ, ಮೀನಿನ ವಾಸನೆ ಹೊಡೆಯುತ್ತಿದ್ದ ಮೂರನೇ ನಂಬರನ್ನು ಒರೆಸಿ ಪೆಟ್ಟಿಗೆಗೆ ಹಾಕಿದಳು.