ಇಪ್ಪತ್ತೆರಡು ನಿಮಿಷದ ಅಳಿಯ

"ಆ ಕಂತು ನೆನಪಿದೆಯಾ ನಿಮಗೆ? ಮಗಳು ಮುನಿಸ್ಕೊಂಡು ತವರಿಗೆ ಬಂದಿರ್ತಾಳಲ್ಲ, ಅದು," ಎಂದಳು ಮೂರನೇ ಸಾಲಿನಲ್ಲಿ ಎದ್ದು ನಿಂತ ಹೆಂಗಸು. ನಲವತ್ತೈದರ ಆಸುಪಾಸು. ಮೈಕನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

ವೇದಿಕೆಯ ಸೋಫಾದಲ್ಲಿದ್ದ ಹಿರಿಯ ನಟಿಯ ಮುಖ ಅರಳಿತು. ಮೂವತ್ತು ವರ್ಷದ ಹಿಂದೆ ಆ ಹಾಸ್ಯ ಧಾರಾವಾಹಿಯಲ್ಲಿ ತಾಯಿಯಾಗಿದ್ದವರು. ಬೀದಿಯಲ್ಲಿ ಎದುರಾದವರು ಇವತ್ತಿಗೂ ಅಮ್ಮ ಎಂದೇ ಕರೆಯುತ್ತಿದ್ದರು. ಅದೇ ಧಾರಾವಾಹಿ ಮರುಪ್ರಸಾರವಾಗಲಿರುವ ಖುಷಿಗೆ ವಾಹಿನಿಯವರು ಈ ಕಾರ್ಯಕ್ರಮ ಇಟ್ಟುಕೊಂಡಿದ್ದರು.

"ನೆನಪಿಲ್ದೆ ಏನಮ್ಮಾ! 'ಗಂಡ ಅಂದ್ಮೇಲೆ ಕೋಪ ಇದ್ದದ್ದೇ. ನೀನು ನಗ್ತಾ ಹೋಗು, ಅವನೇ ಕರಗ್ತಾನೆ!'" ನಟಿ ಹಳೆಯ ಧಾಟಿಯಲ್ಲೇ ಹೇಳಿ ತೋರಿಸಿದರು. ಸಭೆ ಚಪ್ಪಾಳೆ ತಟ್ಟಿತು. "ಎಂಥಾ ಸಂಸ್ಕಾರ ನೋಡಿ! ಆಗಿನ ಮನೆಗಳೇ ಹಾಗಿದ್ವು," ಎಂದಳು ನಿರೂಪಕಿ.

ಹೆಂಗಸು ಚಪ್ಪಾಳೆ ನಿಲ್ಲುವವರೆಗೆ ಕಾದಳು. "ಅವತ್ತು ನಮ್ಮಕ್ಕನೂ ತವರಿಗೆ ಬಂದಿದ್ಳು. ಗಂಡ ಹೊಡೆದು ಕೈ ಮುರಿದಿದ್ದ. ಪ್ಲಾಸ್ಟರ್ ಹಾಕ್ಕೊಂಡೇ ಅಪ್ಪ ಅಮ್ಮನ ಮಧ್ಯೆ ಕೂತು ನೋಡಿದ್ಳು. ಕೊನೇಲಿ ನಿಮ್ಮಳಿಯ ಹೂ ಹಿಡ್ಕೊಂಡು ಬಂದ. ಎಲ್ರೂ ನಕ್ವಿ, ಅಕ್ಕನೂ ನಕ್ಳು. 'ನೋಡು, ಆಯಮ್ಮ ಹೇಳೋದೂ ಅದನ್ನೇ' ಅಂದ್ರು ನಮ್ಮಮ್ಮ. ಮಾರನೇ ದಿನ ತಾನೇ ಬಟ್ಟೆ ತುಂಬ್ಕೊಂಡು ಹೊರಟ್ಳು."

"ಆಮೇಲೆ?" ನಿರೂಪಕಿಯ ಬಾಯಿಂದ ಮಾತು ಜಾರಿತು.

"ಹನ್ನೊಂದು ದಿನ ಬದುಕಿದ್ಳು."

ಹಿಂದಿನ ಸಾಲಿನಲ್ಲಿ ಯಾರೋ ತಮಾಷೆಯೆಂದೇ ತಿಳಿದು ಕಿಸಕ್ಕನೆ ನಕ್ಕು ಗಪ್ಪಾದರು. ನಟಿಗೆ ಆ ಚಿತ್ರೀಕರಣ ನೆನಪಾಯಿತು. ಆ ದೃಶ್ಯ ತೆಗೆದ ದಿನ ಮಗಳ ಪಾತ್ರದ ಹುಡುಗಿ, "ಇಷ್ಟು ಬೇಗ ಯಾವ ಗಂಡ ಸರಿಹೋಗ್ತಾನೆ ಸಾರ್?" ಎಂದು ಕೇಳಿದ್ದಳು. "ನಮಗಿರೋದೇ ಇಪ್ಪತ್ತೆರಡು ನಿಮಿಷ ಕಣಮ್ಮ, ಸರಿಹೋಗ್ಲೇಬೇಕು," ಎಂದಿದ್ದರು ನಿರ್ದೇಶಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ತಾವೇ.

ನಟಿ ಹೇಗೆ ವೇದಿಕೆ ಇಳಿದರೋ ಅವರಿಗೇ ತಿಳಿಯಲಿಲ್ಲ. "ಅದನ್ನ ನಾನು ಬರೀಲಿಲ್ಲ ತಾಯಿ..."

"ಗೊತ್ತಮ್ಮಾ. ಬರೆದೋರು ಯಾರೋ. ನಂಬೋ ಹಾಗೆ ಹೇಳಿದ್ದು ನೀವು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ತಡೆಯಲಾಗದೆ ನಟಿ ಅವಳ ಹೆಗಲಿಗೆ ಒರಗಿ ಬಿಕ್ಕಿದರು. ಸ್ವಲ್ಪ ಹೊತ್ತಿಗೆ ತಲೆಯೆತ್ತಿ, "ತಪ್ಪಾಯ್ತು. ಇದನ್ನ ಎಲ್ರೂ ಕೇಳ್ಬೇಕು. ಒಂದು ಮಾತೂ ಕತ್ತರಿಸ್ಬೇಡಿ," ಎಂದು ನಿರೂಪಕಿಗೆ ಹೇಳಿದರು. ಅವಳು ಆಗಲೆಂದು ತಲೆಯಾಡಿಸಿದಳು.

ಭಾನುವಾರ ಮಧ್ಯಾಹ್ನ ಆ ಕಾರ್ಯಕ್ರಮದ ಪ್ರಸಾರ. ನಟಿ ಊಟ ಬಿಟ್ಟು ಟೀವಿ ಮುಂದೆ ಕೂತರು. ಮೂರನೇ ಸಾಲಿನ ಹೆಂಗಸು ಏಳಲೇ ಇಲ್ಲ. ಇದ್ದಕ್ಕಿದ್ದಂತೆ ಅವರದೇ ಒದ್ದೆ ಮುಖ ಪರದೆಯ ತುಂಬ ಬಂತು. ಅಂಚಿನಲ್ಲಿ ಯಾರದೋ ಹೆಗಲು, ಹಿನ್ನೆಲೆಯಲ್ಲಿ ಇಂಪಾದ ಕೊಳಲು. ಕೆಳಗೆ ದಪ್ಪಕ್ಷರಗಳು ಒಂದೊಂದಾಗಿ ಮೂಡಿದವು: "ಆ ಸುವರ್ಣ ದಿನಗಳ ನೆನೆದು ಕಣ್ಣೀರಾದ ಅಮ್ಮ."