ಆಳುಗಳನ್ನು ಕಳಿಸುವವರು ಯಾರು?

ಬದಿಯಡ್ಕದ ಫೋಟೋ ಸ್ಟುಡಿಯೋದ ಗಿರಾಕಿ ಪ್ರವೀಣ್ ಕೆಲಸ ನೋಡಲು ಸೀತಾಂಗೋಳಿಯ ಆಫೀಸಿಗೆ ಬರಲು ಇನ್ನು ಅರ್ಧ ಗಂಟೆ ಇರುವಾಗ ಯಶ್ಮಿತಾಳ ಪ್ರೋಗ್ರಾಂ ಮತ್ತೆ ಕೈಕೊಟ್ಟಿತು. ಮದುವೆಯ ಎರಡು ಸಾವಿರ ಫೋಟೋಗಳನ್ನು ಹಿರಿಯ ಸಹೋದ್ಯೋಗಿ ಗ್ಲ್ಯಾಡ್‌ಸನ್‌ನ ಕೋಡ್ ಫೈಲು ಚಿಕ್ಕದು ಮಾಡಬೇಕು, ಆಮೇಲೆ ಇವಳ ಫೈಲು ಮುಖ ಗುರುತಿಸಿ ವಿಂಗಡಿಸಬೇಕು. ದುಡಿಯಲು ಇಬ್ಬರಿಗೂ ಸೇರಿ ಒಂದೇ ಪೂಲ್, ಅಂದರೆ ಕಂಪ್ಯೂಟರಿನೊಳಗೆ ನಾಲ್ಕು ಆಳುಗಳಂತೆ ಒಟ್ಟಿಗೆ ಕೆಲಸ ಮಾಡುವ ನಾಲ್ಕು ಪ್ರೊಸೆಸ್‌ಗಳು. ಅವನದು ಸರಾಗವಾಗಿ ಮುಗಿಯುತ್ತದೆ. ಇವಳ ಸರದಿ ಬಂದಾಗ ಪೂಲ್ ಮುಚ್ಚಿದೆ! ಇದು ಸರಿಹೋದರೆ ಅವಳ ಕೆಲಸ ಕಾಯಂ ಎಂದು ಆಫೀಸಿನ ಯಜಮಾನಿ ಲೂರ್ಡ್ಸ್ ಮೇಡಂ ಹೇಳಿದ್ದರು.

"ಸರ್, ನಿಮ್ಮ ಫೈಲಿನ ಕೊನೆಯಲ್ಲಿ ಪೂಲ್ ಕ್ಲೋಸ್ ಮಾಡಿದ್ದೀರಿ."

"ಮತ್ತೆ? ಕೆಲಸ ಮುಗಿದ ಮೇಲೆ ಆಳುಗಳನ್ನು ಸುಮ್ಮನೆ ಕೂರಿಸುವ ಕ್ರಮ ನಮ್ಮಲ್ಲಿ ಇಲ್ಲ ಮಾರಾಯ್ತಿ. ನಿನಗೆ ಬೇಕಾದರೆ ಬೇರೆ ಕರೆಸಿಕೋ."

"ಹೊಸಬರು ಮುಖ ಗುರುತಿಸುವ ಮಾಡೆಲ್ ಲೋಡ್ ಮಾಡಿ ತಯಾರಾಗುವಾಗ ಪ್ರವೀಣ್ ಊಟಕ್ಕೆ ಹೋಗಿ ಆಗಿರ್ತದೆ. ಕ್ಲೋಸ್ ಮಾಡುವ ಆ ಒಂದು ಸಾಲು ತೆಗೆಯಲಾ?"

"ನನ್ನ ಫೈಲಿಗೆ ಕೈ ಹಾಕಿದರೆ ಉಂಟು ನಿನಗೆ!" ಎಂದು ಗ್ಲ್ಯಾಡ್‌ಸನ್ ಚಾ ಕುಡಿಯಲು ಇಳಿದು ಹೋದ.

ಯಶ್ಮಿತಾಳಿಗೆ ಮೈಯೆಲ್ಲ ಉರಿಯಿತು. ಆದರೆ ಅವನ ಫೈಲಿಗೆ ಅವಳು ಕೈ ಹಾಕಲಿಲ್ಲ. ಇಬ್ಬರ ಫೈಲನ್ನೂ ಓಡಿಸುವ ಮುಖ್ಯ ಫೈಲಿನಲ್ಲಿ ಒಂದು ಸುಳ್ಳು ಪೂಲ್ ಬರೆದು, ಅದನ್ನೇ ಅವನ ಫೈಲಿಗೆ ಕೊಟ್ಟಳು. ಕೆಲಸ ಹೇಳಿದರೆ ಅದು ಅಸಲಿ ಪೂಲಿಗೆ ದಾಟಿಸುತ್ತದೆ. ಕ್ಲೋಸ್ ಮಾಡು ಎಂದರೆ 'ಆಯಿತು' ಎನ್ನುತ್ತದೆ, ಏನೂ ಮಾಡುವುದಿಲ್ಲ. ಆಳುಗಳನ್ನು ಕರೆಸಿದ್ದು ಮುಖ್ಯ ಫೈಲು. ಇಬ್ಬರದೂ ಮುಗಿದ ಮೇಲೆ ಕಳಿಸುವುದೂ ಅದೇ.

ಪ್ರವೀಣ್ ಬಂದು, ವಿಂಗಡಿಸಿದ ಫೋಟೋಗಳನ್ನು ನೋಡಿ ಬಾಯಿ ಬಿಟ್ಟ. "ಅಷ್ಟು ಮೇಕಪ್‌ನ ಒಳಗೂ ಮದುಮಗಳ ಗುರುತು ಸಿಕ್ಕಿತಲ್ಲ!"

"ನೋಡಿದಿಯಾ? ನನ್ನ ಫೈಲಿನಲ್ಲಿ ತಪ್ಪೇ ಇರಲಿಲ್ಲ," ಎಂದ ಚಾ ಕುಡಿದು ಬಂದಿದ್ದ ಗ್ಲ್ಯಾಡ್‌ಸನ್, ಯಶ್ಮಿತಾಳ ಕಡೆ ತಿರುಗಿ.

"ಇರಲಿಲ್ಲ ಸರ್," ಎಂದಳು ಯಶ್ಮಿತಾ, ಬಹಳ ವಿನಯದಿಂದ.

ಆಮೇಲೆ ಲೂರ್ಡ್ಸ್ ಮೇಡಂ ಅವಳನ್ನು ಒಳಗೆ ಕರೆದು, "ನಿಜ ಹೇಳು, ಎಂತ ಮಾಡಿದ್ದು?" ಎಂದು ಕೇಳಿದರು. ಅವಳು ಎಲ್ಲವನ್ನೂ ಹೇಳಿದಳು. ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅವನು ಕ್ಲೋಸ್ ಅಂತಾನೆ, ಅದು ಆಯಿತು ಅಂತದೆ, ಅವನಿಗೂ ಸಮಾಧಾನ! ಒಳ್ಳೆ ಉಪಾಯ."

"ಮೇಡಂ, ನನ್ನ ಕಾಯಂ ಲೆಟರ್?"

"ಆಯಿತು, ಆಯಿತು," ಎಂದು ಮೇಡಂ ಫೋನ್ ಎತ್ತಿಕೊಂಡರು.

ಮೂರು ತಿಂಗಳಿಂದ ಕೇಳಿದಾಗಲೆಲ್ಲ ಇದೇ ಉತ್ತರ. ಯಶ್ಮಿತಾ ಕುರ್ಚಿ ಬಿಟ್ಟು ಏಳಲಿಲ್ಲ.

"ಮೇಡಂ, ಇದು ಯಾವ ಆಯಿತು? ನಿಮ್ಮದಾ, ನಾನು ಬೆಳಿಗ್ಗೆ ಬರೆದದ್ದಾ?"