ಅರವತ್ತೆರಡನೆಯ ಸಾಲು

ಬೆರಳಿಟ್ಟಾಗ ನೀರಿನ ಕಂಪನಿಯ ತಂತ್ರಾಂಶ ಒಪ್ಪಿದರಷ್ಟೇ ಹುಬ್ಬಳ್ಳಿಯ ನಲ್ಲಿಗಳಲ್ಲಿ ನೀರು. ನೀಲಗಂಗವ್ವನ ಓಣಿಯಲ್ಲಿ ಮಾತ್ರ ಜನರೇ ಕೂಡಿ ಬರೆದ ತಂತ್ರಾಂಶವಿತ್ತು. ನೀರು ಹಿಡಿಯುವವರು ಅದರಲ್ಲಿ ಒಂದು ಸಾಲನ್ನಾದರೂ ತಿದ್ದಿ, ಪಕ್ಕದಲ್ಲಿ ಕಾರಣವನ್ನೂ ಹೆಸರನ್ನೂ ಬರೆಯಬೇಕೆಂಬುದು ಅವಳ ಕಟ್ಟಪ್ಪಣೆ.

ಕಂಪನಿಯದಲ್ಲದ ತಂತ್ರಾಂಶ ಬರೆಯುವುದು ಅಪರಾಧ; ಅಧಿಕಾರಿ ಹಾದಿಮನಿ ಹೆಸರಿನ ಜಾಗ ಖಾಲಿ ಬಿಟ್ಟ ಬಂಧನದ ಆದೇಶ ಹಿಡಿದು ಬಂದ. "ಇದನ್ನ ಬರದವ್ರು ಯಾರು? ಹೆಸರು ಹೇಳ್ರಿ."

"ಎಲ್ಲಾರೂ ಬರದೇವ್ರೀ. ಓದ್ಕೋರಿ," ಎಂದು ನೀಲಗಂಗವ್ವ ಪರದೆಯನ್ನು ಅವನತ್ತ ತಿರುಗಿಸಿದಳು.

ಅವನು ಹೆಸರುಗಳನ್ನು ಒಂದೊಂದಾಗಿ ಆದೇಶಕ್ಕೆ ಇಳಿಸಿಕೊಳ್ಳತೊಡಗಿದ. ಅರವತ್ತೆರಡನೆಯ ಸಾಲಿಗೆ ಪೆನ್ನು ನಿಂತಿತು: 'ನಡುಗೋ ಬೆರಳಿಗೂ ನೀರು ಬರಬೇಕು. ಶಾಂತವ್ವ ಹಾದಿಮನಿ.'

"ನಿಮ್ಮ ಅವ್ವಾರ್ರೀ. ಈ ಓಣ್ಯಾಗಿನ ನಿಮ್ಮ ತಂಗಿ ಮನಿಗೆ ಬಂದಾಗ ತಿದ್ದಿದ್ರು," ಎಂದಳು ನೀಲಗಂಗವ್ವ. "ಬರಕೋರಿ ಸಾಹೇಬ್ರ. ಯಾರನ್ನೂ ಬಿಡಬ್ಯಾಡ್ರಿ."